ಕುಂದಾಪುರ ಸೀಮೆಯ ಮರದ ಮನೆಗಳು: ಒಂದು ಐತಿಹಾಸಿಕ ವಿವೇಚನೆ

ನಮ್ಮ ಕರಾವಳಿಯ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಕಲ್ಲನ್ನು ಓದಿ ಬರೆದವರು. ಬಾರಕೂರು, ಬಸರೂರು, ಹಟ್ಟಿಯಂಗಡಿ ಮೊದಲಾದ ಸ್ಥಳಗಳ ಶಾಸನಗಳು, ದೇವಾಲಯಗಳು, ಬಸದಿಗಳು ಇವರ ಮುಖ್ಯ ಸಾಮಗ್ರಿ. ಕೆ. ವಿ. ರಮೇಶರು ೧೯೭೦ರಲ್ಲಿಯೂ ಪಾದೂರು ಗುರುರಾಜ ಭಟ್ಟರು ೧೯೭೫ರಲ್ಲಿಯೂ ಪ್ರಕಟಿಸಿದ ಗ್ರಂಥಗಳು ಈ ಸಾಮಗ್ರಿಯಿಂದ ಎಷ್ಟನ್ನು ತಿಳಿಯಬಹುದೆಂಬುದಕ್ಕೆ ನಿದರ್ಶನಗಳಾಗಿದ್ದು ಇಂದಿಗೂ ವಿದ್ಯಾರ್ಥಿಗಳಿಗೆ ಆಧಾರವಾಗಿವೆ. ಆದರೆ ಆ ಶಾಸನಗಳಲ್ಲಿ ದತ್ತಿ ಬಿಟ್ಟವರಾಗಲಿ, ಸಾಕ್ಷಿ ನಿಂತವರಾಗಲಿ, ಗೇಣಿಯ ಅಕ್ಕಿಯನ್ನು ಅಳೆದುಕೊಟ್ಟವರಾಗಲಿ ವಾಸಮಾಡಿದ್ದು ಕಲ್ಲಿನ ಕಟ್ಟಡಗಳಲ್ಲಲ್ಲ. ಮಣ್ಣು ಮತ್ತು ಮರದ ಮನೆಗಳಲ್ಲಿ. ದೇವರಿಗೆ ಕಲ್ಲು, ಮನುಷ್ಯರಿಗೆ ಮರ ಎಂಬುದು ಇಲ್ಲಿಯ ಸಾಮಾನ್ಯ ಪದ್ಧತಿಯಾಗಿತ್ತೆಂದರೆ ಹೆಚ್ಚು ತಪ್ಪಾಗಲಾರದು. ಹೀಗಿರಲು ಮನೆಯನ್ನು ಬಿಟ್ಟು ಬರೆದ ಇತಿಹಾಸವು ನಾಡಿನ ಅರ್ಧವನ್ನು ಬಿಟ್ಟಂತಾಗುತ್ತದೆ.

ಪ್ರಸ್ತುತ ಲೇಖನದಲ್ಲಿ ಕುಂದಾಪುರ ಹಾಗೂ ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲೂಕುಗಳಾದ ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಬೆಳೆದುಬಂದ ಮರಗೆಲಸದ ಗೃಹನಿರ್ಮಾಣವನ್ನು ಪರಿಶೀಲಿಸಲು ಪ್ರಯತ್ನಿಸಿದ್ದೇವೆ. ನಮ್ಮ ಅಭಿಪ್ರಾಯವನ್ನು ಆರಂಭದಲ್ಲಿಯೇ ಹೇಳಿಬಿಡುವುದು ಉಚಿತ. ಈ ಸೀಮೆಯ ದೊಡ್ಡ ಮನೆಯು ಕಟ್ಟಡವೆನ್ನುವುದಕ್ಕಿಂತ ಹೆಚ್ಚಾಗಿ ಒಂದು ಜೋಡಣೆ. ಮುಂದೊಂದು ದಿನ ಬಿಚ್ಚಬೇಕಾದೀತೆಂಬ ಅರಿವಿನಿಂದಲೇ ಅದನ್ನು ಕೂಡಿಸಿದ್ದಾರೆ. ಬಿಚ್ಚಿ ಮತ್ತೆ ಕೂಡಿಸಲು ಬರುತ್ತಿದ್ದುದರಿಂದಲೇ ಅದು ತಲೆಮಾರುಗಳ ಕಾಲ ಉಳಿಯಿತು. ಕಳೆದ ಎಪ್ಪತ್ತು ಎಪ್ಪತ್ತೈದು ವರ್ಷಗಳಲ್ಲಿ ಅಷ್ಟೇ ಸುಲಭವಾಗಿ ಕಣ್ಮರೆಯಾಗುತ್ತ ಬಂದುದಕ್ಕೂ ಅದೇ ಗುಣವು ಕಾರಣವಾಯಿತು.

ಇವನ್ನು ಮರದ ಮನೆಗಳೆಂದು ಕರೆಯುವುದು ಸರಿಯೇ ಎಂಬ ಪ್ರಶ್ನೆ ಏಳಬಹುದು. ಇಂಗ್ಲೆಂಡ್, ಜರ್ಮನಿ ಮೊದಲಾದ ದೇಶಗಳ ಹಳೆಯ ಮನೆಗಳಲ್ಲಿ ಗೋಡೆಯೇ ಮರದ ಅಸ್ಥಿಪಂಜರ. ಮಣ್ಣು, ಇಟ್ಟಿಗೆಗಳು ಆ ಪಂಜರದ ನಡುವಿನ ಬರಿದನ್ನು ತುಂಬಲು ಮಾತ್ರ. ನಮ್ಮಲ್ಲಿ ಹಾಗಲ್ಲ. ಹೊರಗೋಡೆಯು ಮಣ್ಣಿನದು ಅಥವಾ ಮುರಕಲ್ಲಿನದು. ಅದು ಮಾಡಿನ ಭಾರದ ಒಂದು ಪಾಲನ್ನು ತಾನೇ ಹೊರುತ್ತದೆ. ಒಳಗಿನ ಅಂಗಳದ ಸುತ್ತಣ ಸಾಲು, ಮುಂದಿನ ಜಗಲಿ, ಮುಚ್ಚಿಗೆ, ಮಾಡು ಇವೆಲ್ಲ ಕಂಬ ತೊಲೆಗಳನ್ನು ನೆಚ್ಚಿಕೊಂಡಿವೆ. ಹೊರಗೆ ಮಣ್ಣು, ಒಳಗೆ ಮರ ಎಂಬ ಈ ಹಂಚಿಕೆಯೇ ಇಲ್ಲಿಯ ವಿಶೇಷ. ಕೇರಳದ ನಾಲುಕೆಟ್ಟು ಇದಕ್ಕೆ ಅತಿ ಹತ್ತಿರದ ಬಂಧು.

ಮನೆಯ ವಿನ್ಯಾಸವನ್ನು ಕುರಿತು ಸಂಕ್ಷೇಪವಾಗಿ ಹೇಳಬಹುದು. ಕರಾವಳಿಯಲ್ಲಿ ಬಯಲುಸೀಮೆಯಂತೆ ಮನೆಗೆ ಮನೆ ತಾಗಿದ ಊರುಗಳಿಲ್ಲ. ಪ್ರತಿಯೊಂದು ಮನೆತನವೂ ತನ್ನ ಗದ್ದೆ ತೋಟಗಳ ನಡುವೆ ಪ್ರತ್ಯೇಕವಾಗಿ ನೆಲೆಸುವುದು ವಾಡಿಕೆ. ಸಿರಿವಂತ ಮನೆತನಕ್ಕೆ ಮೊದಲು ಒಂದು ಹೆಬ್ಬಾಗಿಲು, ಅದನ್ನು ದಾಟಿದರೆ ಬೇಸಾಯದ ಕಾಲದಲ್ಲಿ ಕಣವೂ ಆಗುವ ಹೊರಂಗಳ, ತುಳಸಿಕಟ್ಟೆ, ಬಳಿಕ ಎತ್ತರದ ಜಗಲಿ, ಚಾವಡಿ. ಒಳಗೆ ನಾಲ್ಕು ಸುತ್ತಿನ ನಡುವೆ ಮಳೆ ಬಿಸಿಲುಗಳಿಗೆ ತೆರೆದ ಚೌಕಿ. ಸುತ್ತಲೂ ದೇವರ ಕೋಣೆ, ಭತ್ತದ ಕಣಜ, ಅಡಿಗೆಮನೆ, ಬಾಣಂತಿಯ ಕೋಣೆ. ಚೌಕಿಮನೆ, ಒಳಗಿನಮನೆ, ಹೆಬ್ಬಾಗಿಲುಮನೆ ಎಂಬ ಹೆಸರುಗಳು ಇಂದಿಗೂ ಕುಲನಾಮಗಳಂತೆ ಉಳಿದುಬಂದಿವೆ. ಬಡವನ ಮನೆಯಾದರೋ ಒಂದು ಕೋಣೆ, ಒಂದು ಜಗಲಿ, ಮೇಲೆ ಹುಲ್ಲು ಅಥವಾ ಹೆಣೆದ ಮಡಲು; ಅದಕ್ಕೆ ಹೆಸರೂ ಇಲ್ಲ, ಶೇಷವೂ ಇಲ್ಲ. ಇತಿಹಾಸದ ಆಧಾರಗಳು ಯಾವಾಗಲೂ ಒಂದೇ ಕಡೆಗೆ ವಾಲಿರುತ್ತವೆಂಬುದನ್ನು ಇಲ್ಲಿಯೂ ನೆನಪಿಡಬೇಕು.

ಇಷ್ಟು ವಿನ್ಯಾಸದ ಮಾತಾಯಿತು. ಇದರ ಹಿಂದೆ ಕೆಲಸಮಾಡಿದ ಮುಖ್ಯ ಶಕ್ತಿ ಮಳೆ. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮಣ್ಣಿನ ಗೋಡೆಗೆ ನೀರು ತಾಗಿದರೆ ಅದು ಮಣ್ಣೇ. ಆದುದರಿಂದ ಮಾಡಿನ ಸೂರನ್ನು ಗೋಡೆಯಿಂದ ಬಹುದೂರ ಚಾಚಬೇಕು, ಚಾಚಿದ ಸೂರನ್ನು ಹೊರಲು ಜಗಲಿಯ ಅಂಚಿನಲ್ಲಿ ಕಂಬಗಳ ಸಾಲು ಬೇಕು. ಜಗಲಿಯು ಅತಿಥಿಸತ್ಕಾರಕ್ಕಾಗಿ ಹುಟ್ಟಿತೆಂದು ಹೇಳುವವರಿದ್ದಾರೆ. ಗೋಡೆಯ ರಕ್ಷಣೆಗಾಗಿ ಹುಟ್ಟಿ ಅನಂತರ ಅತಿಥಿಗೆ ಒದಗಿತೆಂಬುದು ನಮಗೆ ಹೆಚ್ಚು ಸಂಭಾವ್ಯವಾಗಿ ತೋರುತ್ತದೆ. ಮುಚ್ಚಿಗೆಯ ವಿಷಯವೂ ಹೀಗೆಯೇ. ತೊಲೆಗಳ ಮೇಲೆ ಜಂತಿಗಳು, ಅವುಗಳ ಮೇಲೆ ದಪ್ಪ ಹಲಗೆಗಳು, ಹಲಗೆಗಳ ಮೇಲೆ ಮಣ್ಣಿನ ಹಾಸು: ಇದು ಹಳೆಯ ಮುಚ್ಚಿಗೆಯ ಕ್ರಮ. ಕೆಳಗಿನಿಂದ ನೋಡುವವನಿಗೆ ಕೆತ್ತನೆಯ ಹಲಗೆಗಳು ಕಾಣುತ್ತವೆ. ಮೇಲಿನ ಮಣ್ಣು ಕಾಣುವುದಿಲ್ಲ. ಆದರೆ ಹುಲ್ಲಿನ ಮಾಡಿಗೆ ಬೆಂಕಿ ಬಿದ್ದಾಗ ಕೆಳಗಿನ ಮನೆಯನ್ನೂ ಕಣಜದ ಭತ್ತವನ್ನೂ ಕಾಪಾಡುತ್ತಿದ್ದುದು ಆ ಕಾಣದ ಮಣ್ಣು. ಬೇಸಗೆಯಲ್ಲಿ ಕೋಣೆಗಳನ್ನು ತಂಪಾಗಿಡುತ್ತಿದ್ದುದೂ ಅದೇ.

ಇನ್ನು ಮರದ ವಿಚಾರ. ಈ ಸೀಮೆಯ ಮನೆಗಳಲ್ಲಿ ಕಂಬ, ಬಾಗಿಲುಗಳಿಗೆ ಹಲಸು ಎಲ್ಲಕ್ಕಿಂತ ಹೆಚ್ಚಾಗಿ ಕಾಣುತ್ತದೆ. ತೊಲೆ ಪಕ್ಕಾಸುಗಳಿಗೆ ಬೋಗಿ, ಹೆಬ್ಬಲಸು, ಮತ್ತಿ, ಹೊನ್ನೆ. ಹುಲ್ಲಿನ ಮಾಡಿನ ಕೆಳಗೆ ಸೀಳಿದ ಅಡಿಕೆಮರದ ಸಲಾಕೆಗಳು. ಬೋಗಿಯು ಗೆದ್ದಲಿಗೂ ನೀರಿಗೂ ಜಗ್ಗದ ಮರ. ಆದರೆ ಅದು ಉಳಿಗೂ ಸುಲಭವಾಗಿ ಜಗ್ಗುವುದಿಲ್ಲ. ಹಲಸು ಕಡಿದಾಗ ಹಳದಿ, ಕಾಲ ಕಳೆದಂತೆ ಕೆಂಪು ಕಂದು. ಕೆತ್ತನೆಗೆ ಒದಗುತ್ತದೆ, ಹುಳು ಹಿಡಿಯುವುದು ಕಡಿಮೆ. ತೇಗವು ಘಟ್ಟದ ತಪ್ಪಲಲ್ಲಿ ಬೆಳೆಯುವ ಉತ್ತಮ ಮರವಾಗಿದ್ದರೂ ಹಳೆಯ ಮನೆಗಳಲ್ಲಿ ಹಲಸಿನ ಪಾಲಿಗೆ ಅದು ಎಣೆಯಲ್ಲ. ಇದಕ್ಕೆ ಕಾರಣವನ್ನು ಮರದ ಗುಣದಲ್ಲಿ ಮಾತ್ರ ಹುಡುಕಿದರೆ ಸಾಲದು. ಮರದ ಮೇಲಿನ ಹಕ್ಕಿನಲ್ಲಿಯೂ ಹುಡುಕಬೇಕು.

೧೭೯೯ರಲ್ಲಿ ಕೆನರಾ ಪ್ರಾಂತ್ಯವು ಕಂಪೆನಿ ಸರ್ಕಾರದ ವಶಕ್ಕೆ ಬಂದ ಮೇಲೆ ಕಾಡಿನ ಮರವು ಬೇಗನೆ ರಾಜಕಾರಣದ ವಸ್ತುವಾಯಿತು. ಹಡಗು ಕಟ್ಟಲು ತೇಗ ಬೇಕಾಗಿದ್ದುದರಿಂದ ೧೮೦೬ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಮಲಬಾರ್ ಮತ್ತು ಕೆನರಾಗಳ ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿ, ಮರುವರ್ಷ ತೇಗದ ಮೇಲೆ ಸರ್ಕಾರದ ಒಡೆತನವನ್ನು ಸಾರಿದರು. ಪ್ರಜೆಗಳ ಅಸಮಾಧಾನದಿಂದಾಗಿ ೧೮೨೩ರಲ್ಲಿ ಮನ್ರೋ ಆ ಹುದ್ದೆಯನ್ನು ರದ್ದುಗೊಳಿಸಿದನು. ಮುಂದೆ ೧೮೮೨ರ ಮದರಾಸು ಅರಣ್ಯ ಕಾನೂನು ಬಂದು ಘಟ್ಟದ ತಪ್ಪಲಿನ ಕಾಡುಗಳು ಒಂದೊಂದಾಗಿ ಮೀಸಲು ಅರಣ್ಯಗಳಾದವು. ಇತ್ತ ವರ್ಗದ ಜಮೀನಿನ ಅಂಚಿನಿಂದ ೧೦೦ ಗಜದೊಳಗಿನ ಸರ್ಕಾರಿ ಭೂಮಿಯಲ್ಲಿ ಸೊಪ್ಪು, ಕಟ್ಟಿಗೆ, ಬೇಸಾಯಕ್ಕೂ ಮನೆಗೂ ಬೇಕಾದ ಮರಮುಟ್ಟುಗಳನ್ನು ಪಡೆಯುವ ಕುಮ್ಕಿ ಎಂಬ ಸೌಲಭ್ಯವು ದಕ್ಷಿಣ ಕೆನರಾದ ವರ್ಗದಾರರಿಗೆ ಉಳಿಯಿತು. ಎಂದಮೇಲೆ ಕಾಡಿನ ತೇಗಕ್ಕೆ ಅಪ್ಪಣೆ ಬೇಕು. ಹಿತ್ತಿಲ ಹಲಸಿಗೆ ಯಾರ ಅಪ್ಪಣೆಯೂ ಬೇಡ. ಹತ್ತೊಂಬತ್ತನೆಯ ಶತಮಾನದ ಮನೆಗಳಲ್ಲಿ ಹಲಸಿನ ಪ್ರಾಚುರ್ಯಕ್ಕೆ ಇದೂ ಒಂದು ಕಾರಣವಾಗಿರಬೇಕೆಂದು ನಮ್ಮ ಊಹೆ. ಅಜ್ಜ ನೆಟ್ಟ ಹಲಸು ಮೊಮ್ಮಗನ ಕಂಬವಾಗುವುದೆಂಬ ಲೆಕ್ಕಾಚಾರವು ಅಂದಿನ ಗೃಹಸ್ಥನಿಗೆ ಕಾವ್ಯವಾಗಿರಲಿಲ್ಲ, ವ್ಯವಹಾರವಾಗಿತ್ತು.

ಮರವನ್ನು ಕಡಿದ ಕೂಡಲೆ ಬಳಸುತ್ತಿರಲಿಲ್ಲ. ಮಳೆ ನಿಂತ ಮೇಲೆ, ಕೃಷ್ಣಪಕ್ಷದಲ್ಲಿ ಕಡಿಯುವುದು ವಾಡಿಕೆ. ದಿಮ್ಮಿಗಳನ್ನು ಕೆರೆಯ ನೀರಿನಲ್ಲೋ ಕೆಸರಿನಲ್ಲೋ ಬಹುಕಾಲ ಮುಳುಗಿಸಿಟ್ಟು, ಬಳಿಕ ನೆರಳಿನಲ್ಲಿ ಒಣಗಿಸುತ್ತಿದ್ದರು. ಇಷ್ಟಾಗುವ ಹೊತ್ತಿಗೆ ಆಚಾರಿಯು ಅಳತೆಯನ್ನು ನಿಶ್ಚಯಿಸಿರಬೇಕು. ಅಳತೆಯು ಕೋಲು ಅಂಗುಲಗಳಲ್ಲಿ. ಮನೆಯ ಅಳತೆಯನ್ನು ನಿಯಮಿತ ಸಂಖ್ಯೆಯಿಂದ ಗುಣಿಸಿ ಎಂಟರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆಯ. ಒಂದು ಉಳಿದರೆ ಧ್ವಜಾಯ, ಮೂರಾದರೆ ಸಿಂಹಾಯ, ಐದಾದರೆ ವೃಷಭಾಯ, ಏಳಾದರೆ ಗಜಾಯ, ಇವು ಶುಭ. ಸಮಸಂಖ್ಯೆಯ ಧೂಮ, ಶ್ವಾನ, ಖರ, ಕಾಕಗಳು ವರ್ಜ್ಯ. ಕೇರಳದಲ್ಲಿ ಈ ಶಾಸ್ತ್ರವನ್ನು ಮನುಷ್ಯಾಲಯ ಚಂದ್ರಿಕೆಯೆಂಬ ಸಂಸ್ಕೃತ ಗ್ರಂಥವು ವಾಸಗೃಹಗಳಿಗೆಂದೇ ಸಂಗ್ರಹಿಸಿಕೊಟ್ಟಿದೆ. ಆಯದ ಫಲಾಫಲಗಳನ್ನು ನಂಬುವುದೂ ಬಿಡುವುದೂ ವಾಚಕರಿಗೆ ಸೇರಿದ್ದು. ಚರಿತ್ರೆಯ ದೃಷ್ಟಿಯಿಂದ ಅದರ ಪರಿಣಾಮವೊಂದು ಗಮನಾರ್ಹವಾಗಿದೆ: ಶುಭವಾದ ಅಳತೆಗಳು ಕೆಲವೇ ಆದುದರಿಂದ ದೂರದೂರದ ಮನೆಗಳ ಅಳತೆಗಳೂ ಒಂದಕ್ಕೊಂದು ಸಮೀಪವಾದವು, ಗೋಡೆ ಏಳುವ ಮೊದಲೇ ಆಚಾರಿಯು ತನ್ನ ಕೊಟ್ಟಿಗೆಯಲ್ಲಿ ಕೂತು ಕಂಬ, ತೊಲೆ, ದಾರಂದಗಳನ್ನು ನಿಶ್ಚಿಂತೆಯಿಂದ ಸವರಿ ಮುಗಿಸಬಹುದಾಯಿತು.

ಕೂಡಿಸುವ ಕೆಲಸದಲ್ಲಿ ಕಬ್ಬಿಣಕ್ಕೆ ಸ್ಥಾನ ಬಹಳ ಕಡಿಮೆ. ಒಂದು ಮರದ ತುದಿಯನ್ನು ನಾಲಗೆಯಂತೆ ಸವರುವುದು, ಇನ್ನೊಂದರಲ್ಲಿ ಅದಕ್ಕೆ ತಕ್ಕ ಕುಳಿಯನ್ನು ಉಳಿಯಿಂದ ತೆಗೆಯುವುದು, ಎರಡನ್ನೂ ಸೇರಿಸಿ ಬೈರಿಗೆಯಿಂದ ಅಡ್ಡಲಾಗಿ ತೂತು ಕೊರೆದು ಮರದ ಬೆಣೆಯನ್ನು ಹೊಡೆಯುವುದು: ಮನೆಯ ಮುಖ್ಯ ಸಂದುಗಳೆಲ್ಲ ಈ ಒಂದು ತತ್ತ್ವದ ಮೇಲೆಯೇ ನಿಂತಿವೆ. ಕಂಬವನ್ನು ನೆಲದಲ್ಲಿ ಹೂಳುವುದಿಲ್ಲ. ಪಾದಗಲ್ಲಿನ ಮೇಲೆ ನಿಲ್ಲಿಸುತ್ತಾರೆ. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ. ಬೋದಿಗೆಯ ತುದಿಯಲ್ಲಿ ಕೆಳಮುಖವಾದ ಮೊಗ್ಗನ್ನು ಕೆತ್ತಿರುವುದನ್ನು ನೋಡಿ ಮೆಚ್ಚುವವರು ಅದರ ಕೆಲಸವನ್ನು ಮರೆಯುತ್ತಾರೆ. ಎರಡು ಕಂಬಗಳ ನಡುವಿನ ಅಂತರವನ್ನು ಕಿರಿದುಮಾಡಿ, ತೊಲೆ ಬಾಗದಂತೆ ತಡೆಯುವುದು ಅದರ ಕೆಲಸ. ಉಪ್ಪುಗಾಳಿಯಲ್ಲಿ ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಣ ಮರವನ್ನೂ ಕೆಡಿಸುತ್ತದೆ. ಮರದ ಬೆಣೆಯಾದರೆ ಮರದೊಂದಿಗೆ ಹಿಗ್ಗಿ ಕುಗ್ಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಬೆಣೆಯನ್ನು ಹಿಂದಕ್ಕೆ ಹೊಡೆಯಬಹುದು. ಒಂದು ಕಂಬದ ಬುಡವನ್ನು ಗೆದ್ದಲು ತಿಂದರೆ ಊರೆ ಕೊಟ್ಟು ತೊಲೆಯನ್ನು ಎತ್ತಿ, ಆ ಕಂಬವೊಂದನ್ನೇ ಕಳಚಿ ಬೇರೊಂದನ್ನು ನಿಲ್ಲಿಸುವುದು ಸಾಧ್ಯ. ಮನೆಯೊಳಗಿನವರು ಬೇರೆಡೆಗೆ ಹೋಗಬೇಕಾದುದಿಲ್ಲ.

ಈ ಮರಗೆಲಸ ಎಷ್ಟು ಹಳೆಯದು? ಮರ ತಾನಾಗಿ ಉತ್ತರ ಕೊಡುವಷ್ಟು ಕಾಲ ಬಾಳುವುದಿಲ್ಲ. ಆದರೆ ಕಲ್ಲು ಸಾಕ್ಷಿ ಹೇಳುತ್ತದೆ. ಬಾರಕೂರಿನ ಕತ್ತಲೆ ಬಸದಿಯ ಇಳಿಜಾರಾದ ಕಲ್ಲುಚಪ್ಪಡಿಯ ಮಾಡನ್ನು ನೋಡಿದವರಿಗೆ ಅದು ಹಲಗೆಯ ಮಾಡಿನ ಅನುಕರಣೆಯೆಂದು ಬೇರೆ ಹೇಳಬೇಕಾಗಿಲ್ಲ. ಭಟ್ಕಳದಲ್ಲಿ ಹದಿನಾರನೆಯ ಶತಮಾನದ ಖೇತಪೈ ನಾರಾಯಣ ದೇವಾಲಯದ ಕಲ್ಲಿನ ಜಾಲಂಧ್ರಗಳು ಮರದ ಅಡ್ಡಪಟ್ಟಿಗಳಂತೆಯೇ ಇವೆ. ೧೪೩೦ರ ಮೂಡಬಿದಿರೆಯ ಸಾವಿರಕಂಬದ ಬಸದಿಯಲ್ಲಿ ಕೆಳಗೆ ಕಲ್ಲು, ಮೇಲಂತಸ್ತುಗಳಲ್ಲಿ ಮರ. ಫರ್ಗ್ಯೂಸನ್ನನು ೧೮೭೬ರಲ್ಲಿ ಮೂಡಬಿದಿರೆಯ ಬಸದಿಗಳನ್ನು ನೇಪಾಳದ ಕಟ್ಟಡಗಳೊಡನೆ ಹೋಲಿಸಿ, ಅವುಗಳ ಮೂಲವು ಮರದಲ್ಲಿದೆಯೆಂದು ಸೂಚಿಸಿದನು. ನೇಪಾಳದಿಂದ ಇಲ್ಲಿಗೋ ಇಲ್ಲಿಂದ ನೇಪಾಳಕ್ಕೋ ಎಂಬ ಚರ್ಚೆಗೆ ಈಗ ಬೆಲೆಯಿಲ್ಲ. ಹೆಚ್ಚು ಮಳೆಯೂ ಹೆಚ್ಚು ಮರವೂ ಇರುವಲ್ಲಿ ಒಂದೇ ಬಗೆಯ ಮಾಡು ಎರಡು ಸಲ ಹುಟ್ಟಬಲ್ಲದು. ನಮಗೆ ಬೇಕಾದ ನಿಷ್ಕರ್ಷೆ ಇಷ್ಟೇ: ಹದಿನೈದನೆಯ ಶತಮಾನದ ಕಲ್ಲುಕುಟಿಗನ ಕಣ್ಣಮುಂದೆ ಪ್ರೌಢವಾದ ಮರಗೆಲಸವೊಂದು ಆಗಲೇ ಇತ್ತು.

ಒಂದು ನಿರ್ದಿಷ್ಟ ಮನೆಯ ಕಾಲವನ್ನು ನಿರ್ಣಯಿಸುವುದು ಮಾತ್ರ ಬೇರೆಯೇ ಸಮಸ್ಯೆ. ಬ್ರಹ್ಮಾವರ ತಾಲೂಕಿನ ಸೂರಾಲಿನಲ್ಲಿ ತೊಳಹ ಅರಸುಮನೆತನದ ಮಣ್ಣಿನ ಅರಮನೆಯಿದೆ. ಅರಮನೆಯೆಂಬ ಹೆಸರಿದ್ದರೂ ಅದು ಮಣ್ಣಿನ ಗೋಡೆ, ಕೆತ್ತನೆಯ ಮರದ ಕಂಬ, ಚಾವಡಿಗಳ ಒಂದು ದೊಡ್ಡ ಮನೆಯೇ. ಅರಸನಿಗೂ ಒಕ್ಕಲಿಗನಿಗೂ ಕಟ್ಟುವ ವಿಧಾನ ಒಂದೇ, ಪ್ರಮಾಣ ಮಾತ್ರ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಇಂಥ ಕಟ್ಟಡದ ಕಾಲ ಯಾವುದು? ಗೋಡೆಯ ಕಾಲವೇ, ಕಂಬದ ಕಾಲವೇ, ಮಾಡಿನ ಕಾಲವೇ? ಹಳೆಯ ಮನೆಯ ಕಂಬಗಳನ್ನು ಹೊಸ ಮನೆಗೆ ತರುವುದು, ಒಂದು ಮನೆಯ ದಾರಂದವನ್ನು ಇನ್ನೊಂದಕ್ಕೆ ಕೂಡಿಸುವುದು ಬಿಚ್ಚಲು ಬರುವ ಮನೆಗಳ ನಾಡಿನಲ್ಲಿ ಸಹಜ. ಬಾಗಿಲ ಮೇಲೆ ಕೆತ್ತಿದ ವರ್ಷವು ಆ ಬಾಗಿಲಿನ ವರ್ಷವೇ ಹೊರತು ಮನೆಯ ವರ್ಷವೆಂದು ಹೇಳಲಾಗದು. ಈ ಕಾರಣದಿಂದ ಸಂಶೋಧಕನು ತೊಲೆಯಲ್ಲಿ ಉಪಯೋಗಕ್ಕಿಲ್ಲದ ಕುಳಿಗಳಿವೆಯೇ ಎಂದು ಮೊದಲು ನೋಡಬೇಕು. ಯಾವ ನಾಲಗೆಯೂ ಇಲ್ಲದೆ ಬರಿದಾಗಿರುವ ಕುಳಿಯು ಆ ಮರಕ್ಕೆ ಹಿಂದೊಂದು ಜನ್ಮವಿತ್ತೆಂಬುದರ ಶಾಸನ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಾಡಿನಲ್ಲಿ ದೊಡ್ಡ ಬದಲಾವಣೆಯಾಯಿತು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಪ್ಲೆಬ್ಸ್ಟ್ ಎಂಬವನ ನೇತೃತ್ವದಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ೧೮೮೬ರಲ್ಲಿ ಮಲ್ಪೆಯಲ್ಲಿಯೂ ಒಂದನ್ನು ಸ್ಥಾಪಿಸಿದರು. ಕ್ರಮೇಣ ಕುಂದಾಪುರದ ಹೊಳೆಗಳ ದಡದಲ್ಲಿ ಖಾಸಗಿ ಕಾರ್ಖಾನೆಗಳೂ ಎದ್ದವು. ಗದ್ದೆಯ ಆವೆಮಣ್ಣು, ಘಟ್ಟದ ಕಟ್ಟಿಗೆ, ಸಾಗಣೆಗೆ ಹೊಳೆ ಮತ್ತು ಮಂಜಿ: ಮೂರೂ ಇಲ್ಲಿ ಕೂಡಿಬಂದಿದ್ದವು. ಹುಲ್ಲಿನ ಮಾಡನ್ನು ವರ್ಷವರ್ಷವೂ ಹೊದಿಸಬೇಕು. ಹೆಂಚನ್ನು ಒಮ್ಮೆ ಇಟ್ಟರೆ ಮುಗಿಯಿತು. ೧೦೦ ಚದರಡಿಗೆ ಸುಮಾರು ೧೫೦ ಹೆಂಚು ಸಾಕು. ಈ ಲಾಭವನ್ನು ಎಲ್ಲರೂ ಬಲ್ಲರು. ಆಚಾರಿಯ ಕೆಲಸದ ಮೇಲೆ ಅದರಿಂದಾದ ಪರಿಣಾಮವನ್ನು ಅಷ್ಟಾಗಿ ಯಾರೂ ಗಮನಿಸಿಲ್ಲ. ಹುಲ್ಲು ಎಂಥ ಡೊಂಕು ಪಕ್ಕಾಸಿನ ಮೇಲೂ ಕೂರುತ್ತದೆ. ಕಾರ್ಖಾನೆಯ ಹೆಂಚಿಗಾದರೋ ಒಂದೇ ಅಂತರದ ನೇರವಾದ ರೀಪುಗಳು ಬೇಕು. ರೀಪು ಒಂದು ಬೆರಳಿನಷ್ಟು ಸರಿದರೂ ಹೆಂಚಿನ ತುಟಿ ಕಚ್ಚುವುದಿಲ್ಲ. ಹೀಗಾಗಿ ಅಳತೆಯನ್ನು ನಿಶ್ಚಯಿಸುವ ಅಧಿಕಾರದ ಒಂದು ಭಾಗವು ಆಚಾರಿಯ ಕೋಲಿನಿಂದ ಕಾರ್ಖಾನೆಯ ಅಚ್ಚಿಗೆ ವರ್ಗವಾಯಿತು. ಬಾಚಿಯಲ್ಲಿ ಸವರಿದ ಮರದ ಬದಲು ಗರಗಸದಲ್ಲಿ ಸೀಳಿದ ಮರ ಬಂತು. ಬೆಂಕಿಯ ಭಯ ತಗ್ಗಿದ ಮೇಲೆ ಮುಚ್ಚಿಗೆಯ ಮಣ್ಣೂ ಅನಾವಶ್ಯಕವಾಗಿ ತೋರಿತು. ಹೆಂಚಿನ ಮನೆಯನ್ನೇ ಸಂಪ್ರದಾಯದ ಮನೆಯೆಂದು ಇಂದು ಹಲವರು ಭಾವಿಸುತ್ತಾರೆ. ಅದು ಹತ್ತೊಂಬತ್ತನೆಯ ಶತಮಾನದ ಕೈಗಾರಿಕೆ ಹಳೆಯ ಮರದ ಮೇಲೆ ಇಟ್ಟ ಟೊಪ್ಪಿಗೆ.

ಮನೆಗೆ ನಿಜವಾದ ಆಘಾತ ಬಂದುದು ಹೆಂಚಿನಿಂದಲ್ಲ, ಕಾನೂನಿನಿಂದ. ಈ ಸೀಮೆಯ ಬಂಟ ಮೊದಲಾದ ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿಯಂತೆ ಕುಟುಂಬದ ಆಸ್ತಿಯನ್ನು ಎಲ್ಲ ವಯಸ್ಕರ ಒಪ್ಪಿಗೆಯಿಲ್ಲದೆ ಪಾಲುಮಾಡುವಂತಿರಲಿಲ್ಲ. ೧೯೪೯ರ ಮದರಾಸು ಅಳಿಯಸಂತಾನ ಕಾನೂನು ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಗದ್ದೆಯನ್ನು ಅಳೆದು ಹಂಚಬಹುದು. ಚೌಕಿಯನ್ನು ಹೇಗೆ ಹಂಚುವುದು? ಅನಂತರ ೧೯೭೪ರ ಮಾರ್ಚ್ ೧ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಯ ಭೂಮಿಗಳೆಲ್ಲ ಸರ್ಕಾರಕ್ಕೆ ಸೇರಿ, ಭೂನ್ಯಾಯಮಂಡಳಿಗಳ ಮೂಲಕ ಉಳುವವರ ಕೈಗೆ ಬಂದವು. ಇದನ್ನು ಕುರಿತು ಬರಿಯ ವಿಷಾದವನ್ನು ಸೂಚಿಸುವುದು ಇತಿಹಾಸಕಾರನಿಗೆ ತಕ್ಕುದಲ್ಲ. ದೊಡ್ಡ ಮನೆಯ ಕಣಜವನ್ನು ತುಂಬಿದ್ದು ಗೇಣಿಯ ಭತ್ತ. ಅದನ್ನು ಬೆಳೆದವನು ಮಡಲಿನ ಮಾಡಿನ ಕೆಳಗೆ ಮಲಗುತ್ತಿದ್ದನು. ಅವನಿಗೆ ನೆಲ ದೊರೆತ ಮೇಲೆ ಕಣಜ ಬರಿದಾಗುವುದು ನ್ಯಾಯವೇ. ಆದರೆ ಕಣಜದೊಂದಿಗೆ ಹೊಂದಿಕೊಂಡಿದ್ದ ಮನೆಗೆ ಬೇರೊಂದು ಜೀವನೋಪಾಯವಿರಲಿಲ್ಲ. ಐವತ್ತು ಜನರಿಗೆಂದು ಕಟ್ಟಿದ ಮನೆಯಲ್ಲಿ ಇಬ್ಬರು ವೃದ್ಧರು ಉಳಿದರು. ಮಕ್ಕಳು ಮುಂಬಯಿ, ಬೆಂಗಳೂರುಗಳ ಹೋಟೆಲು, ಬ್ಯಾಂಕುಗಳನ್ನು ಸೇರಿದರು. ಮಳೆಗಾಲಕ್ಕೊಮ್ಮೆ ಸೋರುವ ಮಾಡನ್ನು ಸರಿಪಡಿಸಲು ಆಳಿಲ್ಲ, ಆಚಾರಿಯೂ ಇಲ್ಲ.

ಇಲ್ಲಿಯೇ ಬೆಣೆಯ ಗುಣ ತಿರುಗಿಬಿದ್ದುದು. ಕಲ್ಲಿನ ಕಟ್ಟಡವಾದರೆ ಕೆಡವಿದ ಮೇಲೆ ಕಲ್ಲುರಾಶಿ. ಈ ಮನೆಯಾದರೋ ಕಳಚಿದಷ್ಟೂ ಬೆಲೆಬಾಳುವ ಸರಕು: ಕಂಬಕ್ಕೆ ಒಂದು ದರ, ಹೆಬ್ಬಾಗಿಲಿಗೆ ಒಂದು ದರ, ಮುಚ್ಚಿಗೆಯ ಹಲಗೆಗೆ ಅಡಿಯ ಲೆಕ್ಕ. ಪಾಲುದಾರರಿಗೆ ಹಂಚಲಾಗದ ಮನೆಯನ್ನು ಹಣವಾಗಿಸಿ ಹಂಚುವುದು ಸುಲಭವಾಯಿತು. ಜಗಲಿಯ ಕಂಬಗಳು ನಗರದ ವಿಹಾರಗೃಹಗಳ ಮುಂಬಾಗಿಲಿಗೂ ಪ್ರಾಚೀನ ವಸ್ತುಗಳ ಅಂಗಡಿಗಳಿಗೂ ಹೋದವು. ಪ್ರತಿಯೊಂದು ಕಂಬವೂ ಹೋದಲ್ಲಿ ಸುಖವಾಗಿಯೇ ಇರಬಹುದು; ಆದರೆ ಯಾವ ಊರಿನ, ಯಾವ ಮನೆಯ, ಯಾವ ಸಾಲಿನ ಕಂಬವೆಂಬ ತಿಳಿವು ಬೆಣೆಯೊಂದಿಗೇ ಉದುರಿಹೋಗುತ್ತದೆ. ಆಧಾರವೆಂಬ ದೃಷ್ಟಿಯಿಂದ ಅದು ಹರಿದ ಓಲೆಗರಿಯ ಒಂದು ತುಂಡು.

ಇದಕ್ಕೆ ಪ್ರತಿಯಾಗಿ ನಡೆದ ಕೆಲಸವೆಂದರೆ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರದು. ೨೦೧೭ರಲ್ಲಿ ದಿವಂಗತರಾದ ಇವರು ಕೆಡವಲು ಸಿದ್ಧವಾಗಿದ್ದ ಮನೆಗಳನ್ನು ಪಡೆದು, ಬಿಡಿಭಾಗಗಳನ್ನು ಗುರುತುಹಾಕಿ ಕಳಚಿಸಿ, ಸುಮಾರು ಆರು ಎಕರೆಯ ಹಸ್ತಶಿಲ್ಪ ಪರಂಪರೆಯ ಗ್ರಾಮದಲ್ಲಿ ಮತ್ತೆ ಕೂಡಿಸಿದರು. ೧೮೧೬ರದೆಂದು ಗುರುತಿಸಲಾಗಿರುವ ಕುಂಜೂರಿನ ಚೌಕಿಮನೆ ಅಲ್ಲಿದೆ. ನಮ್ಮ ಸೀಮೆಯ ಹರ್ಕೂರಿನ ಒಳಗಿನಮನೆಯೂ ಇದೆ. ಸ್ಥಳಾಂತರವು ಸಂರಕ್ಷಣೆಯೇ ಎಂದು ಆಕ್ಷೇಪಿಸುವವರುಂಟು. ಗದ್ದೆಯಿಂದ ಬೇರ್ಪಟ್ಟ ಮನೆಯು ಅರ್ಧ ಮೂಕವಾಗುತ್ತದೆಂಬುದು ನಿಜ. ಹೆಬ್ಬಾಗಿಲು ಯಾವ ದಾರಿಯನ್ನು ಕಾಯುತ್ತಿತ್ತು, ಕಣಜಕ್ಕೆ ಭತ್ತ ಎತ್ತಣಿಂದ ಬರುತ್ತಿತ್ತು ಎಂಬುದು ಮಣಿಪಾಲದ ಗುಡ್ಡದ ಮೇಲೆ ತಿಳಿಯದು. ಆದರೂ ಸಂಖ್ಯೆ ಬರೆದು ಬಿಚ್ಚಿದ ಮನೆಗೂ ದರ ಬರೆದು ಬಿಚ್ಚಿದ ಮನೆಗೂ ಇರುವ ಅಂತರವು ಸಂಶೋಧಕನ ಪಾಲಿಗೆ ಬಹಳ ದೊಡ್ಡದು. ಮೊದಲನೆಯದರಲ್ಲಿ ಜೋಡಣೆಯ ಕ್ರಮ ಉಳಿಯುತ್ತದೆ.

ಮನೆ ಹೋದ ಮೇಲೂ ಓದಲು ಏನಾ​ದರೂ ಉಳಿದಿರುತ್ತದೆಯೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಹೊಸ ಕಟ್ಟಡ ಏಳದಿರುವ ಕಡೆಗಳಲ್ಲಿ ಉಳಿದಿರುತ್ತದೆ. ಕೊಳ್ಳುವವರು ಮರವನ್ನು ಒಯ್ಯುತ್ತಾರೆ, ಜಗಲಿಯ ಕಟ್ಟೆಯನ್ನು ಒಯ್ಯುವುದಿಲ್ಲ. ಮಣ್ಣಿನ ಗೋಡೆ ನಾಲ್ಕಾರು ಮಳೆಗಾಲಗಳಲ್ಲಿ ಕರಗಿಹೋದರೂ ಮುರಕಲ್ಲಿನ ಪಂಚಾಂಗ, ಅದರ ಅಂಚಿನಲ್ಲಿ ಸಾಲಾಗಿ ಕೂತ ಪಾದಗಲ್ಲುಗಳು, ಚೌಕಿಯ ನೀರು ಹರಿದುಹೋಗಲು ಬಿಟ್ಟ ಕಂಡಿ ಹುಲ್ಲಿನ ನಡುವೆ ಹಾಗೆಯೇ ಇರುತ್ತವೆ. ಒಂದು ಪಾದಗಲ್ಲಿನ ನಡುವಿನಿಂದ ಮುಂದಿನದರ ನಡುವಿಗೆ ಅಳೆದು, ಆ ಅಳತೆಯನ್ನು ಕೋಲು ಅಂಗುಲಗಳಿಗೆ ತಿರುಗಿಸಿ, ಒಟ್ಟು ಸುತ್ತಳತೆಯನ್ನು ಎಂಟರಿಂದ ಭಾಗಿಸಿ ನೋಡಿದರೆ, ಆಚಾರಿಯು ಆ ಮನೆಗೆ ಯಾವ ಆಯವನ್ನು ಇಟ್ಟಿದ್ದನೆಂಬ ವಿಚಾರವನ್ನು ಅಲ್ಲಿಂದಲೇ ಆರಂಭಿಸಬಹುದು.